ಮೊಂಟೆಸಾಲ್ವೊದ ಮಾಮೂಲು ದಾರಿ

ಕಾಸ್ಮಿರ್ ಮಥಾಯಸರ ಬಗ್ಗೆ ಬರೆಯಿರಿ ಎಂದು ನನಗೆ ಯಾರೂ ಹೇಳಿಲ್ಲ. ಅವರಿಗೆ ಯಾವ ಸಂಘವೂ ಶಾಲು ಹೊದಿಸಿಲ್ಲ, ಸ್ಟೇಜಿನ ಹತ್ತಿರ ಸುಳಿಯುವ ಪೈಕಿಯೂ ಅವರಲ್ಲ. ಹದಿನೆಂಟು ವರ್ಷ ಕತಾರಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಅಂದರೆ ಬೇರೆಯವರ ಮನೆಯ, ಬೇರೆಯವರ ಜಾಗದ ನಕ್ಷೆ ಬರೆದುಕೊಡುವ ಕೆಲಸ. ಆರು ವರ್ಷ ಅವರ ಎದುರಿನ ಮೇಜಿನಲ್ಲಿ ಸೆಕ್ರೆಟರಿಯಾಗಿ ಕೂತವಳು ನಾನು, ಸ್ವರ್ಣಲತಾ, ಊರು ಕಾಪು. ಎದುರಿನ ಮೇಜಿನವಳಿಗೆ ಗೊತ್ತಿರುವಷ್ಟು ಹೆಂಡತಿಗೂ ಗೊತ್ತಿರುವುದಿಲ್ಲ ಎಂದು ನಾನು ತಿಳಿದಿದ್ದೆ. ಅದು ಶುದ್ಧ ಸುಳ್ಳು. ಅವರ ಹೆಂಡತಿ ರೆಜಿನಾ ಬಾಯಿಗೆ ನನಗಿಂತ ಎಷ್ಟೋ ಹೆಚ್ಚು ಗೊತ್ತಿತ್ತು.

ನಮ್ಮ ಆಫೀಸು ದೋಹಾದ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿತ್ತು. ಕೆಳಗೆ ಟೈಲರ್ ಅಂಗಡಿ, ಪಕ್ಕದಲ್ಲಿ ಮಲಯಾಳಿಗಳ ಕೆಫೆಟೇರಿಯಾ. ಜಾಗ, ಫ್ಲ್ಯಾಟು, ವಿಲ್ಲಾ ಮಾರಿಸಿಕೊಡುವುದು ನಮ್ಮ ವ್ಯಾಪಾರ. ಎಲ್ಲಿಂದ ಯಾವ ನಕ್ಷೆ ಬಂದರೂ ಗಿರಾಕಿಗೆ ಅರ್ಥವಾಗುವಂತೆ ಪುನಃ ಬರೆಯುವುದು ಮಥಾಯಸರ ಪಾಲು. ಕಂಪ್ಯೂಟರಿಗೆ ಕೈಹಾಕುವ ಮೊದಲು ಅವರದೊಂದು ಕ್ರಮವಿತ್ತು. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲಿನ ಹಿಂಬದಿಯನ್ನು ರಸ್ತೆಯ ಮೇಲಿಟ್ಟು, ಅಲ್ಲಿಂದ ಗೇಟು ದಾಟಿ ಜಾಗದೊಳಗೆ ನಿಧಾನವಾಗಿ ಹೋಗುತ್ತಿದ್ದರು. ಒಂದು ಸುತ್ತು ಮುಗಿಯುವವರೆಗೆ ಯಾರು ಕರೆದರೂ ತಲೆ ಎತ್ತುತ್ತಿರಲಿಲ್ಲ.

“ಎಂತ ಮಥಾಯಸರೇ, ಬೆಳಿಗ್ಗೆಯ ವಾಕಿಂಗಾ?” ಎಂದು ನಾನು ತಮಾಷೆ ಮಾಡುತ್ತಿದ್ದೆ.

“ಜಾಗ ತಗೊಳ್ಳುವವನು ಗಾಳಿ ಬೆಳಕು ನೋಡ್ತಾನೆ ಸ್ವರ್ಣಾ. ಅಲ್ಲಿ ಬದುಕುವವನಿಗೆ ದಾರಿ ಬೇಕು.”

ಈ ಬುದ್ಧಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಒಂದು ರಮ್ಜಾನಿನಲ್ಲಿ, ಆಫೀಸು ಎರಡು ಗಂಟೆಗೆ ಮುಚ್ಚಿ ಬಿಸಿಲು ಇಳಿಯಲೆಂದು ಕಾಯುತ್ತ ಕೂತಿದ್ದಾಗ, ಅವರೇ ಹೇಳಿದ್ದು.

ಎರಡು ಸಾವಿರದ ಒಂದರಲ್ಲಿ ಅವರು ಶಿರ್ವದ ಹತ್ತಿರ ಮೂವತ್ತು ಸೆಂಟ್ಸ್ ಜಾಗ ತೆಗೆದುಕೊಂಡರು. ಅದರ ಹಿಂದೆ ದೇಜಪ್ಪ, ಪೂವಕ್ಕ ಎಂಬ ಗಂಡ ಹೆಂಡತಿಯ ಮನೆ. ಆ ಮನೆಯಿಂದ ರಸ್ತೆಗೆ ಬರುವ ಕಾಲುದಾರಿ ಈ ಮೂವತ್ತು ಸೆಂಟ್ಸಿನ ಮೂಲೆಯನ್ನು ಹಾದು ಹೋಗುತ್ತಿತ್ತು. ನಮ್ಮ ಕಡೆ ಇದಕ್ಕೆ ಮಾಮೂಲು ದಾರಿ ಎನ್ನುತ್ತೇವೆ. ಅಜ್ಜನ ಕಾಲದಿಂದ ನಡೆದದ್ದು, ಯಾರ ಜಾಗದಲ್ಲಿದ್ದರೂ ಮುಚ್ಚುವ ಹಾಗಿಲ್ಲ. ದಾಖಲೆಯಲ್ಲಿ ಕೆಲವೊಮ್ಮೆ ಇರುತ್ತದೆ, ಹೆಚ್ಚಾಗಿ ಇರುವುದಿಲ್ಲ. ಮಥಾಯಸರು ಸಣ್ಣವರಿದ್ದಾಗ ಶಾಲೆಗೆ ಹೋಗಿದ್ದು ಅದೇ ದಾರಿಯಲ್ಲಿ.

ಆದರೂ ಪಾಗಾರದ, ಅಂದರೆ ಜಾಗದ ಸುತ್ತಲಿನ ಕಂಪೌಂಡು ಗೋಡೆಯ, ನಕ್ಷೆಯನ್ನು ಅವರು ಬರೆದದ್ದು ದೋಹಾದಲ್ಲಿ, ಒಂದು ಶುಕ್ರವಾರ, ಟ್ರೇಸಿಂಗ್ ಪೇಪರಿನ ಮೇಲೆ. ಇಲ್ಲಿ ಹನ್ನೊಂದು ವರ್ಷ ಮರಳಿನ ಮೇಲೆ ಚೌಕ ಎಳೆದೆಳೆದು ಕೈಗೆ ಅದೇ ಅಭ್ಯಾಸವಾಗಿತ್ತು. ನಾಲ್ಕು ಗೆರೆ, ನಾಲ್ಕು ಮೂಲೆ, ಒಂದು ಗೇಟು. ಕೊರಿಯರಿನಲ್ಲಿ ಊರಿಗೆ ಕಳಿಸಿದರು. ಕಂಟ್ರಾಕ್ಟರು ಫೋನು ಮಾಡಿ, “ಇಲ್ಲಿ ಮೂಲೆಯಲ್ಲಿ ಒಂದು ದಾರಿ ಉಂಟಲ್ಲ, ಎಂತ ಮಾಡುದು?” ಎಂದು ಕೇಳಿದ್ದಕ್ಕೆ, “ಪ್ಲಾನಿನಲ್ಲಿ ಇದ್ದ ಹಾಗೆ ಮಾಡಿ” ಎಂದುಬಿಟ್ಟರು. ಗಲ್ಫಿನಲ್ಲಿ ಕೂತು ಊರಿನಲ್ಲಿ ಮನೆ ಕಟ್ಟಿಸುವ ನಮ್ಮವರೆಲ್ಲ ಹೇಳುವ ಮಾತು ಇದು. ನಮಗೆ ನೆಲ ಮರೆತುಹೋಗಿರುತ್ತದೆ, ಕಾಗದ ಮಾತ್ರ ನೆನಪಿರುತ್ತದೆ. ಕೆಂಪುಕಲ್ಲಿನ ಪಾಗಾರ ನೆಟ್ಟಗೆ ಎದ್ದು ನಿಂತಿತು. ದೇಜಪ್ಪ, ಪೂವಕ್ಕ ಗದ್ದೆಯ ಅಂಚಿನಲ್ಲಿ ಸುತ್ತು ಹಾಕಿ ರಸ್ತೆಗೆ ಬರತೊಡಗಿದರು.

ರಜೆಯಲ್ಲಿ ಹೋದಾಗ ಮಥಾಯಸರಿಗೆ ಕಸಿವಿಸಿಯಾಯಿತು. “ದೇಜಪ್ಪಣ್ಣ, ಕಷ್ಟ ಆಯ್ತಾ?” ಎಂದು ಕೇಳಿದರು. “ಎಂತ ಕಷ್ಟ ಪೊರ್ಬುಲೇ, ಕಾಲು ಉಂಟಲ್ಲ,” ಎಂದರಂತೆ ದೇಜಪ್ಪ. ತುಳುವಿನವರು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ, ಪೊರ್ಬುಲು ಎಂದು. ಆ ಮಾತು ಕೇಳಿ ಮಥಾಯಸರು ಸಮಾಧಾನ ಮಾಡಿಕೊಂಡು ಬಂದರು. ಮುಂದಿನ ರಜೆಯಲ್ಲಿ ಒಡೆಸುತ್ತೇನೆ ಎಂದುಕೊಂಡರು. ಆ ಮುಂದಿನ ರಜೆ ಬರಲೇ ಇಲ್ಲ. ನಡುವೆ ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ದೇಜಪ್ಪ ತೀರಿಕೊಂಡ ಸುದ್ದಿ ಬಂತು. ಅಲ್ಲಿಂದೀಚೆಗೆ ಶುರುವಾದದ್ದು ಈ ಪೆನ್ಸಿಲಿನ ನಡಿಗೆ. ಊರಿನ ಪಾಗಾರ ಹಾಗೇ ಇತ್ತು, ಇಲ್ಲಿ ಇವರು ಕಂಡವರ ನಕ್ಷೆಯಲ್ಲಿ ದಾರಿ ಹುಡುಕುತ್ತಿದ್ದರು. ನನಗೆ ಕೇಳಿ ಸಿಟ್ಟೇ ಬಂತು. ಆದರೆ ಹಿರಿಯರಿಗೆ ಎದುರಾಡುವುದು ಹೇಗೆ ಎಂದು ಬ್ಯಾಗು ಎತ್ತಿಕೊಂಡು ಹೊರಟೆ.

ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ ಇಟಲಿಯ ಜಾಗ ಬಂತು. ಆ ವರ್ಷ ದೋಹಾದಲ್ಲಿ ಎಲ್ಲರಿಗೂ ಎಲ್ಲಿಯಾದರೂ ಒಂದು ತುಂಡು ನೆಲ ಬೇಕಾಗಿತ್ತು. ದುಬೈ ಆಯಿತು, ಸೈಪ್ರಸ್ ಆಯಿತು, ಇನ್ನು ಇಟಲಿ ಎಂದು ನಮ್ಮ ಮ್ಯಾನೇಜರ್ ಎಲೈಜಾ ಹೊರಟರು. ಮೊಂಟೆಸಾಲ್ವೊ ಎಂಬ ಊರು. ಗುಡ್ಡದ ತಲೆಯ ಮೇಲೆ ಏಳುನೂರು ವರ್ಷದ ಕೋಟೆಗೋಡೆ, ಗೋಡೆಯ ಒಳಗೆ ಕಲ್ಲಿನ ಮನೆಗಳು, ಒಂದು ಗಂಟೆಗೋಪುರ. ಗೋಡೆಯ ಹೊರಗೆ, ಇಳಿಜಾರಿನಲ್ಲಿ, ಎಂಟುನೂರ ಐವತ್ತು ಚದರ ಮೀಟರ್ ಜಾಗ, ಹದಿನಾಲ್ಕು ಆಲಿವ್ ಮರ. ಒಂದೇ ಒಂದು ಮನೆ ಕಟ್ಟಲು ಪರವಾನಗಿ ಇತ್ತು. ಅದೂ ಕಲ್ಲಿನದೇ ಆಗಬೇಕು, ಮಾಡಿಗೆ ಕೆಂಪು ಹಂಚೇ ಹಾಕಬೇಕು, ಕೋಟೆಗೋಡೆಗಿಂತ ಎತ್ತರ ಹೋಗಬಾರದು. ಇದನ್ನು ಬ್ರೋಷರಿಗೆ ಟೈಪ್ ಮಾಡುತ್ತ ನನಗೆ ನಗು. ಊರಿನಲ್ಲಿ ಎಲ್ಲರೂ ಹಂಚು ಇಳಿಸಿ ಕಾಂಕ್ರೀಟು ಹಾಕಿಸುತ್ತಿದ್ದರು, ಇಲ್ಲಿ ಹಂಚು ಹಾಕಲು ಸರಕಾರದ ಆರ್ಡರು.

ಮಥಾಯಸರು ತಮ್ಮ ಕ್ರಮದಂತೆ ಪೆನ್ಸಿಲ್ ಹಿಡಿದು ನಡೆದರು. ನಡುವೆ ನಿಂತರು.

“ಸ್ವರ್ಣಾ, ಇಲ್ಲಿ ನೋಡಿ.”

ಕೋಟೆಯ ಸಣ್ಣ ಬಾಗಿಲಿನಿಂದ ಹೊರಟ ಒಂದು ಚುಕ್ಕೆಗೆರೆ ಜಾಗದ ಮಧ್ಯದಲ್ಲೇ ಓರೆಯಾಗಿ ಇಳಿದು ಕೆಳಗಿನ ಅಂಚಿನಲ್ಲಿ ಹೊರಗೆ ಹೋಗುತ್ತಿತ್ತು. ಪಕ್ಕದಲ್ಲಿ ಇಟಾಲಿಯನ್ನಿನಲ್ಲಿ ಸೊಳ್ಳೆಯ ಕಾಲಿನಷ್ಟು ಸಣ್ಣ ಅಕ್ಷರ.

“ನೀರಿನ ಪೈಪ್ ಇರ್ಬಹುದು,” ಎಂದೆ.

“ಪೈಪ್ ನೆಟ್ಟಗೆ ಹೋಗ್ತದೆ. ಇದು ಮರ ತಪ್ಪಿಸಿಕೊಂಡು ಹೋಗಿದೆ. ಇದು ಮನುಷ್ಯ ನಡೆದದ್ದು.”

ಅವರು ಹೇಳಿದ ಹಾಗೆ ನಾನು ಇಟಲಿಯ ಏಜೆಂಟರಿಗೆ ಈಮೇಲ್ ಬರೆದೆ. ಮೂರು ದಿನಕ್ಕೆ ಉತ್ತರ ಬಂತು. ಮೇಲಿನ ಊರಿನಿಂದ ಕೆಳಗಿನ ಸ್ಮಶಾನಕ್ಕೆ ಹೋಗುವ ಹಳೆಯ ದಾರಿ ಅದು. ಹೆಣ ಹೊತ್ತು ಇಳಿಯುವುದು, ಹಬ್ಬಕ್ಕೆ ಹೂ ಇಡಲು ಹೋಗುವುದು, ಎಲ್ಲ ಅದರಲ್ಲೇ. ಊರಿನವರಿಗೆ ನಡೆಯುವ ಹಕ್ಕಿದೆ. ಬೇಲಿ ಹಾಕುವಂತಿಲ್ಲ, ಅದರ ಮೇಲೆ ಕಟ್ಟುವಂತಿಲ್ಲ. ಅಂದರೆ ಮನೆ ಬರಬೇಕಾದ ಸಮತಟ್ಟು ಜಾಗದ ಮೇಲೆಯೇ ದಾರಿ. ಅದನ್ನು ಬಿಟ್ಟರೆ ಕೋಳಿಗೂಡು ಕಟ್ಟುವಷ್ಟು ಉಳಿಯುತ್ತಿತ್ತು.

ಮಥಾಯಸರು ಈ ಕಾಗದವನ್ನು ಎಲೈಜಾ ಸರ್ ಮುಂದಿಟ್ಟರು. ಎಲೈಜಾ ಕೊಚ್ಚಿ ಕಡೆಯವರು, ಕೆಟ್ಟ ಮನುಷ್ಯ ಎನ್ನಲಾರೆ, ನನ್ನ ಹೆರಿಗೆಯ ಸಮಯದಲ್ಲಿ ಕೇಳಿದ್ದಕ್ಕಿಂತ ಒಂದು ವಾರ ಹೆಚ್ಚು ರಜೆ ಕೊಟ್ಟವರು. ಆದರೆ ವ್ಯಾಪಾರ ಎಂದರೆ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ. ಗಿರಾಕಿ ಆಗಲೇ ಸಿಕ್ಕಿದ್ದರು: ಉಸ್ತಾದ್ ನಬೀಲ್, ಪ್ಯಾಲೆಸ್ತೀನಿನವರು, ದೋಹಾದ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ಎರಡು ಸಲ ಬಂದು ಆ ಆಲಿವ್ ಮರಗಳ ಫೋಟೋ ನೋಡಿ ಹೋಗಿದ್ದರು. ಬುಕಿಂಗ್ ಹಣ ಕೊಟ್ಟರೆ ವಾಪಸಿಲ್ಲ ಎಂಬುದು ನಮ್ಮ ಫಾರಮಿನ ಕೊನೆಯ ಸಾಲು.

“ಗೆರೆ ತೆಗಿ,” ಎಂದರು ಎಲೈಜಾ.

“ಸರ್, ಅದು ದಾರಿ. ಅಳಿಸುವ ಹಾಗಿಲ್ಲ.”

“ಅಳಿಸು ಅಂತ ಯಾರು ಹೇಳಿದ್ದು? ಲೇಯರ್ ಆಫ್ ಮಾಡು. ಫೈಲಿನಲ್ಲಿ ಇರ್ಲಿ, ಪ್ರಿಂಟಿನಲ್ಲಿ ಬೇಡ. ಮಿಕ್ಕದ್ದು ಅಲ್ಲಿಯ ವಕೀಲರು ನೋಡಿಕೊಳ್ತಾರೆ.”

ಕಂಪ್ಯೂಟರಿನಲ್ಲಿ ನಕ್ಷೆ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ. ಒಂದು ಹಾಳೆಯನ್ನು ಮುಚ್ಚಿದರೆ ಅದರ ಗೆರೆಗಳು ಕಾಗದದ ಮೇಲೆ ಬರುವುದಿಲ್ಲ, ಒಳಗೆ ಮಾತ್ರ ಇರುತ್ತವೆ. ಎಂಥ ಅನುಕೂಲದ ಪಾಪ ನೋಡಿ. ಮಾಡಿದ್ದೂ ಅಲ್ಲ, ಮಾಡದೆ ಇದ್ದದ್ದೂ ಅಲ್ಲ.

ಮಥಾಯಸರು ನನ್ನ ಮುಖ ನೋಡಿದರು. ನಾನೇನು ದೊಡ್ಡ ಹರಿಶ್ಚಂದ್ರನ ಮೊಮ್ಮಗಳೇ? “ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ಮಾಡ್ಬೇಡಿ. ನಟಾಶಾ ಹನ್ನೆರಡನೇ ಕ್ಲಾಸು, ನೆನಪುಂಟಲ್ಲ,” ಎಂದೆ. ಅವರ ಒಬ್ಬಳೇ ಮಗಳು ನಟಾಶಾ. ಕೆಲಸ ಹೋದರೆ ಅಪ್ಪನ ವೀಸಾ ಹೋಗುತ್ತದೆ, ಅದರ ಹಿಂದೆಯೇ ತಾಯಿಯದು, ಮಗಳದು. ಬೇರೆ ಕಂಪನಿ ಸೇರಬೇಕಾದರೆ ಈಗಿನ ಅರಬಾಬ್, ಅಂದರೆ ವೀಸಾ ಕೊಟ್ಟ ಅರಬ್ ಮಾಲೀಕರು, ಬಿಡುಗಡೆ ಪತ್ರ ಕೊಡಬೇಕು, ಕೊಡದಿದ್ದರೆ ಎರಡು ವರ್ಷ ಈ ದೇಶಕ್ಕೆ ಕಾಲಿಡುವಂತಿಲ್ಲ. ಹನ್ನೆರಡನೇ ಕ್ಲಾಸಿನ ನಡುವೆ ಮಗುವನ್ನು ಕಿತ್ತು ಒಯ್ದು ಎಲ್ಲಿ ಕೂರಿಸುವುದು? ಇದೆಲ್ಲ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಗುರುವಾರ ಸಂಜೆ ಅವರು ಲೇಯರ್ ಆಫ್ ಮಾಡಿ ಪ್ರಿಂಟ್ ತೆಗೆದು ಫೈಲಿಗೆ ಹಾಕಿ, ನನಗೆ ಹೇಳದೆ ಮನೆಗೆ ಹೋದರು.

ಮರುದಿನ ನಡೆದದ್ದನ್ನು ನನಗೆ ಹೇಳಿದ್ದು ರೆಜಿನಾ ಬಾಯಿ. ದೋಹಾದ ಅಬು ಹಮೂರಿನಲ್ಲಿ ಆ ವರ್ಷವಷ್ಟೇ ಇಗರ್ಜಿ ತೆರೆದಿತ್ತು, ಅದಕ್ಕೂ ಮೊದಲು ಪೂಜೆ ಅವರಿವರ ಮನೆಗಳಲ್ಲಿ ನಡೆಯುತ್ತಿತ್ತು. ಕತಾರಿನಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಆ ದಿನದ ಪೂಜೆಗೆ ಮೂವರೂ ಹೋಗಿದ್ದರು. ಪರಮಪ್ರಸಾದದ ಹೊತ್ತಿಗೆ ಸಾಲಾಗಿ ಎಲ್ಲರೂ ಎದ್ದರು, ಮಥಾಯಸರು ಏಳಲಿಲ್ಲ. ಮನಸ್ಸಿನಲ್ಲಿ ಪಾಪ ಇಟ್ಟುಕೊಂಡು ಪ್ರಸಾದ ತೆಗೆದುಕೊಳ್ಳಬಾರದು ಎಂಬುದು ಅವರಲ್ಲಿ ಕಟ್ಟುನಿಟ್ಟು. ಬೆಂಚಿನಲ್ಲಿ ಒಬ್ಬನೇ ಕೂತ ಗಂಡನನ್ನು ನೋಡಿ, ಇವರಿಗೆ ಎಂತದೋ ಸಂಬಂಧ ಉಂಟು ಎಂದೇ ರೆಜಿನಾ ಬಾಯಿ ಹೆದರಿದರಂತೆ. ಮನೆಗೆ ಬಂದು ಬಾಗಿಲು ಹಾಕಿ ಕೇಳಿದರು. ಮಥಾಯಸರು ಇಟಲಿಯ ದಾರಿಯ ಕತೆ ಹೇಳಿದರು.

ರೆಜಿನಾ ಬಾಯಿ ಪೂರ್ತಿ ಕೇಳಿದರು. ಆಮೇಲೆ, “ನೋಡದ ಊರಿನ, ಗುರುತಿಲ್ಲದ ಜನರ ದಾರಿಗೆ ನೀವು ಪ್ರಸಾದ ಬಿಟ್ರಿ. ಪೂವಕ್ಕನ ದಾರಿ ಮುಚ್ಚಿ ಏಳು ವರ್ಷ ಆಯ್ತು. ಏಳು ವರ್ಷ ಪ್ರತೀ ವಾರ ಹೋಗಿ ಪ್ರಸಾದಕ್ಕೆ ನಾಲಿಗೆ ಚಾಚಿದ್ರಲ್ಲ, ಆಗ ಎಂತದೂ ಅನಿಸ್ಲಿಲ್ವಾ?” ಎಂದು ಕೇಳಿದರು.

ಮಥಾಯಸರು ಊಟ ಮಾಡಲಿಲ್ಲ. ಸಂಜೆ ಹೆಂಡತಿಯ ಎದುರು ಬಂದು ನಿಂತು, “ಭಾನುವಾರ ಗಿರಾಕಿ ಬರ್ತಾರೆ, ನಾನು ಹೇಳಿಬಿಡ್ತೇನೆ. ಕೆಲಸ ಹೋಗ್ಬಹುದು. ನಟಾಶಾಳದ್ದು ಎಂತ ಮಾಡುದು?” ಎಂದರು.

“ನನ್ನನ್ನು ಕೇಳ್ಬೇಡಿ. ನಾನು ತಾಯಿ, ಬೇಡ ಅಂತಲೇ ಹೇಳ್ತೇನೆ,” ಎಂದು ರೆಜಿನಾ ಬಾಯಿ ಅತ್ತರು. ಇದನ್ನು ನನಗೆ ಹೇಳುವಾಗಲೂ ಅವರ ಕಣ್ಣು ತುಂಬಿತ್ತು.

ಭಾನುವಾರ ಹತ್ತು ಗಂಟೆಗೆ ಉಸ್ತಾದ್ ನಬೀಲ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಚೆಕ್ ಪುಸ್ತಕ. ನಾನು ಚಹಾ ತರಿಸಿದೆ. ಎಲೈಜಾ ಸರ್ ನಕ್ಷೆ ಬಿಚ್ಚಿ, ಮನೆ ಇಲ್ಲಿ, ವರಾಂಡ ಇಲ್ಲಿ, ಆಲಿವ್ ಮರ ಇಲ್ಲಿ ಎಂದು ಬೆರಳಾಡಿಸುತ್ತಿದ್ದರು. ಉಸ್ತಾದ್ ಪೆನ್ನಿನ ಮುಚ್ಚಳ ತೆಗೆದದ್ದನ್ನು ನಾನು ನೋಡಿದೆ. ಇಟಲಿಯ ಈಮೇಲ್ ನನ್ನ ಡ್ರಾಯರಿನಲ್ಲಿತ್ತು. ನಾನು ಡ್ರಾಯರಿನ ಮೇಲೆ ಕೈಯಿಟ್ಟುಕೊಂಡು ಗೊಂಬೆಯ ಹಾಗೆ ಕೂತಿದ್ದೆ. ಆ ಹೊತ್ತಿನ ನನ್ನ ಹೇಡಿತನಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮಥಾಯಸರು ಎದ್ದು ಬಂದರು. ಕೈಯಲ್ಲಿ ಇನ್ನೊಂದು ಪ್ರಿಂಟ್. ಅದನ್ನು ಮೊದಲಿನದರ ಮೇಲೆ ಹರಡಿದರು.

“ಸರ್, ಇದು ಪೂರ್ತಿ ನಕ್ಷೆ. ಇಲ್ಲಿ ಒಂದು ದಾರಿ ಇದೆ. ಊರಿನವರು ಸತ್ತವರನ್ನು ಹೊತ್ತುಕೊಂಡು ಇದರಲ್ಲೇ ಇಳಿಯುವುದು. ಇದನ್ನು ಮುಚ್ಚಲಿಕ್ಕೆ ಆಗುವುದಿಲ್ಲ. ಈ ಮನೆ ಇಲ್ಲಿ ಬರುವುದಿಲ್ಲ.”

ಅವರ ಇಂಗ್ಲಿಷು ಯಾವತ್ತೂ ತಡವರಿಸುತ್ತಿತ್ತು. ಅವತ್ತು ತಡವರಿಸಲಿಲ್ಲ.

ಉಸ್ತಾದ್ ಬಗ್ಗಿ ಆ ಚುಕ್ಕೆಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಲೆಕ್ಕದ ಮೇಷ್ಟ್ರು, ಉದ್ದ ಅಗಲ ಕಣ್ಣಿನಲ್ಲೇ ಅಳೆದಿರಬೇಕು. “ನಿನಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದರು.

“ನಾನು ಊರಿನಲ್ಲಿ ಇಂಥದೇ ಒಂದನ್ನು ಮುಚ್ಚಿದ್ದೇನೆ ಸರ್.”

ಉಸ್ತಾದ್ ಪೆನ್ನಿಗೆ ಮುಚ್ಚಳ ಹಾಕಿದರು. ನೆಲದ ತಕರಾರು ನನ್ನ ಒಂದು ಜನ್ಮಕ್ಕೆ ಸಾಕಾಗುವಷ್ಟಾಗಿದೆ ಎಂದರು. ಮಥಾಯಸರಿಗೆ ಶುಕ್ರನ್ ಎಂದು ವಂದನೆ ಹೇಳಿ, ಚಹಾ ಪೂರ್ತಿ ಕುಡಿದು, ಮೆಟ್ಟಿಲಿಳಿದು ಹೋದರು. ಅವರು ಮತ್ತೆ ಬರಲಿಲ್ಲ. ಬಂದು ಮಥಾಯಸರ ಕೈಹಿಡಿದು ಕೆಲಸ ಕೊಡಿಸಿದರು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು, ಆದರೆ ಹಾಗೆ ಆಗಲಿಲ್ಲ.

“ಖಲಾಸ್,” ಎಂದರು ಎಲೈಜಾ ಸರ್. ಕೂಗಾಡಲಿಲ್ಲ. ತಿಂಗಳ ನೋಟಿಸಿನ ಪತ್ರವನ್ನು ಟೈಪ್ ಮಾಡಬೇಕಾದವಳು ನಾನೇ. ಮೂರು ಸಲ ತಪ್ಪು ಹೊಡೆದೆ. ಮಥಾಯಸರು ಎದುರಿನ ಮೇಜಿನಲ್ಲಿ ಕೂತು ಬಾಕಿ ಇದ್ದ ವಿಲ್ಲಾದ ನಕ್ಷೆ ಮುಗಿಸುತ್ತಿದ್ದರು.

“ವೀಸಾ ಕ್ಯಾನ್ಸಲ್ ಅಂತ ಬರೆದಿದ್ದಾರೆ,” ಎಂದೆ. “ಬಿಡುಗಡೆ ಪತ್ರ ಇಲ್ಲವಂತೆ.”

“ನಟಾಶಾಳಿಗೆ ಹೇಗೆ ಹೇಳುದು ಅಂತ ಯೋಚಿಸ್ತಿದ್ದೇನೆ,” ಎಂದರು.

ಈಗ ನನ್ನ ಬಗ್ಗೆಯೂ ಒಂದು ಒಳ್ಳೆಯ ಮಾತು ಹೇಳಿಕೊಳ್ಳುತ್ತೇನೆ, ಯಾರೂ ಹೇಳುವವರಿಲ್ಲ. ನಮ್ಮ ಅರಬಾಬ್ ಬುಧವಾರ ಬುಧವಾರ ಬಂದು ಕಾಗದಗಳಿಗೆ ಸಹಿ ಹಾಕಿ ಹೋಗುತ್ತಿದ್ದರು. ಮಥಾಯಸರ ಕಾಗದ ಬಂದಾಗ, “ಕದ್ದನಾ?” ಎಂದು ಕೇಳಿದರು. ಇಲ್ಲ, ಗಿರಾಕಿಗೆ ನಿಜ ಹೇಳಿದ ಎಂದೆ. ಅವರು ಎಲೈಜಾ ಕೋಣೆಯ ಕಡೆ ನೋಡಿದರು, ಅಲ್ಲಿ ಬಾಗಿಲು ಮುಚ್ಚಿತ್ತು. ನ್ಯಾಯ ಅನ್ಯಾಯ ಮಾತಾಡಿದರೆ ಅವರು ಮ್ಯಾನೇಜರನ್ನು ಬಿಟ್ಟುಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ಬೇರೆ ದಾರಿ ಹಿಡಿದೆ. “ಬಾಬಾ, ಕ್ಯಾನ್ಸಲ್ ಮಾಡಿದರೆ ಮೂರು ಜನರ ವಿಮಾನದ ಟಿಕೆಟ್ ನಮ್ಮ ಮೇಲೆ. ಬಿಡುಗಡೆ ಪತ್ರ ಕೊಟ್ಟರೆ ಟಿಕೆಟ್ ಮಾಫಿ,” ಎಂದೆ. ಅವರು ಗಡ್ಡ ಕೆರೆದುಕೊಂಡು ನನ್ನನ್ನೇ ನೋಡಿದರು. ನಕ್ಕರೋ ಇಲ್ಲವೋ ಹೇಳಲಾರೆ. “ಯಲ್ಲಾ, ಪತ್ರ ತಾ,” ಎಂದರು. ಪತ್ರ ನನ್ನ ಫೈಲಿನಲ್ಲಿ ತಯಾರಾಗಿಯೇ ಇತ್ತು.

ಇಂಡಸ್ಟ್ರಿಯಲ್ ಏರಿಯಾದ ಒಂದು ಕಬ್ಬಿಣದ ವರ್ಕ್‌ಶಾಪಿನಲ್ಲಿ ಮಥಾಯಸರಿಗೆ ಕೆಲಸ ಸಿಕ್ಕಿತು. ಶೆಡ್ಡುಗಳ ಕಂಬ, ಜಂತಿ, ಬೋಲ್ಟಿನ ತೂತು ಬರೆಯುವುದು. ಸಂಬಳ ಕಡಿಮೆ, ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು. ಫ್ಲ್ಯಾಟು ಬಿಟ್ಟು ಒಂದೇ ಕೋಣೆಯ ಮನೆಗೆ ಬಂದರು. ನಟಾಶಾ ಅಡುಗೆಮನೆಯಲ್ಲಿ ಓದುತ್ತಿದ್ದಳು. ಆದರೆ ಅದೇ ಶಾಲೆ, ಅದೇ ಕ್ಲಾಸು.

ಕೆಲಸಕ್ಕೆ ಸೇರಿದ ವಾರವೇ ಮಥಾಯಸರು ಊರಿನ ಕಂಟ್ರಾಕ್ಟರಿಗೆ ಫೋನು ಮಾಡಿದರು. ಈ ಸಲ ನಕ್ಷೆ ಕಳಿಸಲಿಲ್ಲ. “ನೀವು ಅಲ್ಲಿ ಹೋಗಿ ನಿಂತು, ಪೂವಕ್ಕನನ್ನು ಕರೆದು, ಎಲ್ಲಿಂದ ಎಲ್ಲಿಗೆ ಅಂತ ಅವರು ತೋರಿಸಿದಲ್ಲಿ ಒಡೆಯಿರಿ,” ಎಂದರಂತೆ.

ಆಗಸ್ಟಿನ ಒಂದು ಶುಕ್ರವಾರ ಮಧ್ಯಾಹ್ನ ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಬಂಗುಡೆ ಸಾರು ಮಾಡಿದ್ದರು. ಊಟ ಮುಗಿಸಿ ಮಥಾಯಸರು ಫೋನಿನ ಪ್ರಿಪೇಯ್ಡ್ ಕಾರ್ಡು ಕೆರೆದು ಊರಿಗೆ ಫೋನು ಹಚ್ಚಿ, ನಮಗೂ ಕೇಳುವಂತೆ ಸ್ಪೀಕರಿನಲ್ಲಿ ಇಟ್ಟರು. ಪೂವಕ್ಕನ ಮೊಮ್ಮಗಳು ಮೋಕ್ಷಾ ಎತ್ತಿಕೊಂಡು ಅಜ್ಜಿಗೆ ಕೊಟ್ಟಳು.

“ಪೂವಕ್ಕ, ಪಾಗಾರ ಒಡೆಸಿದ್ದೇನೆ. ಇನ್ನು ಅದರಲ್ಲೇ ಹೋಗಿ.”

“ನಿನ್ನೆ ರೇಷನ್ನಿಗೆ ಹೋಗಿ ಬಂದೆ ಪೊರ್ಬುಲೇ. ಹತ್ತಿರ ಆಯ್ತು.”

“ಮೊದಲೇ ಒಡೆಸಬೇಕಿತ್ತು. ರಜೆ, ಅದು ಇದು ಅಂತ...”

ಪೂವಕ್ಕ ಹಾಲಿನ ಡಿಪೋದ ಸುದ್ದಿ ಹೇಳುವ ದನಿಯಲ್ಲೇ ಹೇಳಿದರು. “ಮೋಕ್ಷಾಳ ಅಜ್ಜನಿಗೆ ಎದೆನೋವು ಬಂದ ದಿವಸ ಗದ್ದೆಯಲ್ಲಿ ಮೊಣಕಾಲಿನವರೆಗೆ ನೀರು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಸುತ್ತು ಹಾಕಿದರು. ಜಾರ್ತದೆ ಅಂತ ಎರಡು ಸಲ ಇಳಿಸಿದರು. ಜೀಪು ಬಂದು ನಿಮ್ಮ ಪಾಗಾರದ ಆಚೆ ನಿಂತಿತ್ತು. ಹಾರ್ನ್ ನಮಗೆ ಕೇಳ್ತಿತ್ತು. ಕಾಲು ಗಂಟೆ ಮೊದಲು ತರಬೇಕಿತ್ತು ಅಂದರು ಡಾಕ್ಟರು.”

ಮಥಾಯಸರಿಗೆ ಇದು ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷ ಪೂವಕ್ಕ ಇದನ್ನು ಇವರ ಕಿವಿಗೆ ಮುಟ್ಟಿಸಿರಲಿಲ್ಲ.

“ತಪ್ಪಾಯ್ತು ಪೂವಕ್ಕ,” ಎಂದರು ಮಥಾಯಸರು. ಫೋನಿನ ಹತ್ತಿರ ಬಗ್ಗಿ ಇನ್ನೊಮ್ಮೆ ಹೇಳಿದರು.

ಹೋಗಲಿ ಬಿಡಿ ಎನ್ನುತ್ತಾರೆ ಎಂದು ನಾನು ಕಾದೆ. ನಮ್ಮ ಊರಿನವರು ಹಾಗೆಯೇ ಹೇಳುವುದು, ಹೇಳಿ ಒಳಗೆ ಹೋಗುವುದು.

“ಹೌದು ಪೊರ್ಬುಲೇ, ತಪ್ಪೇ ಆದದ್ದು,” ಎಂದರು ಪೂವಕ್ಕ. ಅದೇ ದನಿಯಲ್ಲಿ, “ನಿಮ್ಮ ಮಗಳಿಗೆ ಪರೀಕ್ಷೆ ಯಾವಾಗ?” ಎಂದು ಕೇಳಿದರು.

ರೆಜಿನಾ ಬಾಯಿ ಫೋನು ಹತ್ತಿರ ಎಳೆದುಕೊಂಡು, “ಮಾರ್ಚಿನಲ್ಲಿ, ಪೂವಕ್ಕ,” ಎಂದರು.